ಗ್ಯಾಸ್ ಮುಚ್ಚಿಸದೇ ಹೋದ ಅಜ್ಜಿ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಬೇಡಿ. ಇದು ನನ್ನ ಚಿಕ್ಕಮ್ಮನ ಮಗಳು ಉನ್ಸಿಲ್‌ಗೆ ಆಗಿದ್ದು. ಇದೇ ಇಂಚೊನ್ ಊರಲ್ಲಿ, ಹೋದ ಚಳಿಗಾಲ.

ಕೆಲಸ ಮುಗಿಸಿ ಅವಳು ಹೊಸ ಬಾಡಿಗೆ ಮನೆಯ ಏರು ಹತ್ತುವಾಗ ಕತ್ತಲಾಗಿತ್ತಂತೆ. ದಾರಿಯಲ್ಲಿ ಸಿಮೆಂಟು ಹಾಕಿ ಮುಚ್ಚಿದ ಬಾವಿ, ಪಕ್ಕದಲ್ಲಿ ಬೋಳು ಗಿಂಕ್ಗೊ ಮರ. ಬಾವಿಕಟ್ಟೆ ಮೇಲೆ ಒಬ್ಬ ಅಜ್ಜಿ... ಅಂಗಿ ಮೇಲೆ ಅಂಗಿ ಹಾಕ್ಕೊಂಡು, ಮುದುಡಿಕೊಂಡು ಕೂತಿದ್ದರು.

"ಮೂರನೇ ಮಹಡಿನಾ?" ಪಿಸುದನಿ.

"ಹೌದಜ್ಜಿ."

"ಬಾಯ್ಲರ್ ಹತ್ತಿಸಬೇಡ. ದಂಡ."

ಅಷ್ಟೇ. ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದರೆ ಕಟ್ಟೆ ಖಾಲಿ. ಯಾರೋ ಜಿಪುಣಿ ಮುದುಕಿ ಅಂದುಕೊಂಡು ನಡೆದಳು. ನಾನಾಗಿದ್ದರೆ ಅಲ್ಲಿಂದಲೇ ಬಸ್ ಹತ್ತುತ್ತಿದ್ದೆ. ಅವಳಿಗೆ ಹಾಗೆ ಮಾಡೋ ಹಾಗಿರಲಿಲ್ಲ. ಗಂಡನನ್ನು ಬಿಟ್ಟು ಬಂದಿದ್ದಳು, ಮಗಳು ಬೊರಾ ಇನ್ನೂ ಅವನ ಹತ್ತಿರ ಇದ್ದಳು. ಶನಿವಾರ ಮಗುವನ್ನು ತಂದು ಬಿಡ್ತೀನಿ, ಭಾನುವಾರ ಬಂದು ನೆಲ ಮುಟ್ಟಿ ನೋಡ್ತೀನಿ, ತಣ್ಣಗಿದ್ರೆ ವಾಪಸ್ ಕರ್ಕೊಂಡು ಹೋಗ್ತೀನಿ ಅಂದಿದ್ದ ಆ ಮಹಾರಾಯ. ಬಾಯ್ಲರಿನ ಬಿಸಿನೀರು ನೆಲದಡಿ ಹರಿಯದ ಮನೆಯಲ್ಲಿ ಮಗು ಮಲಗಿಸೋದು ಹೇಗೆ, ನೀವೇ ಹೇಳಿ.

ಅದಕ್ಕೇ ಅವಸರದಲ್ಲಿ ಮನೆ ಹಿಡಿದಳು, ಅವಸರದಲ್ಲಿ ಸಾಮಾನು ಸಾಗಿಸಿದಳು. ನಾನು ಪಂಚಾಂಗ ನೋಡಿ ಬೈದಿದ್ದೆ.

"ದೆವ್ವ ಓಡಾಡೋ ದಿನ ಹುಡುಕಿ ಮನೆ ಬದಲಾಯಿಸ್ತೀಯಲ್ಲೇ, ತಲೆ ನೆಟ್ಟಗಿದೆಯಾ?"

"ದೆವ್ವ ಇಲ್ಲದ ದಿನ ಲಾರಿನೂ ಇಲ್ಲ ಅಕ್ಕ. ಎಲ್ಲಾರೂ ಅವತ್ತೇ ಸಾಗಿಸ್ತಾರೆ. ಬಂದ್ರೆ ಬರಲಿ, ಒಂದೆರಡು ಪೆಟ್ಟಿಗೆ ಎತ್ತಲಿ."

ಕರೆಂಟು ಸುಲಭವಾಗಿ ಆಯಿತು. ಫೋನ್ ಮಾಡಿ ಹೆಸರು ಹೇಳಿದಳು, ಮೇನ್ ಸ್ವಿಚ್ ಎತ್ತಿದಳು... ಟಕ್. ದೀಪ ಬಂತು. ಗ್ಯಾಸಿಗೆ ಮಾತ್ರ ಮನುಷ್ಯನೇ ಬರಬೇಕಲ್ಲ. ಆ ಅಜ್ಜಿ ಕಂಡ ಸಂಜೆಯೇ, ಅವಳು ಮನೆ ಸೇರಿದ ಮೇಲೆ, ಗ್ಯಾಸ್ ಕಂಪನಿಯ ಪ್ಯೊ ಅನ್ನೋರು ಬಂದರು. ಒಲೆಗೆ ಪೈಪು ಕೂರಿಸಿದರು. ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತಾ ಅಂತ ನೋಡಿದರು. ಬಾಯ್ಲರ್ ಹಚ್ಚಿದರು. ಟಿಕ್ ಟಿಕ್ ಟಿಕ್... ಭುಸ್.

ಗೋಡೆಯಲ್ಲಿ ಬಿಸಿ ಹೆಚ್ಚು ಕಡಿಮೆ ಮಾಡೋ ತಿರುಗುಗುಂಡಿ ಇತ್ತು. ತೀರಾ ಕಡಿಮೆಗೆ ಇಳಿಸಿ, ಅಲುಗದ ಹಾಗೆ ಹಳದಿ ಟೇಪು ಅಂಟಿಸಿಬಿಟ್ಟಿದ್ದರು ಯಾರೋ. ಪ್ಯೊ ಅದನ್ನು ನೋಡಿ ದನಿ ಇಳಿಸಿದರು.

"ಮನೆ ಬಿಡೋರು ನಮ್ಮನ್ನ ಕರೆದು ಗ್ಯಾಸ್ ಮುಚ್ಚಿಸಿ ಹೋಗ್ಬೇಕು ಅಲ್ವಾಮ್ಮ... ಇಲ್ಲಿದ್ದ ಅಜ್ಜಿ ಮುಚ್ಚಿಸಲೇ ಇಲ್ಲ."

"ಯಾಕೆ?"

"ಚಳಿಗೆ ಹೋಗ್ಬಿಟ್ರು. ಇದೇ ರೂಮಲ್ಲಿ. ಬಿಲ್ ಬರುತ್ತೆ ಅಂತ ಬಾಯ್ಲರ್ ಹಚ್ತಾನೇ ಇರ್ಲಿಲ್ಲ."

"ಅಂದ್ರೆ ಅವರಿನ್ನೂ ಮನೆ ಬಿಟ್ಟಿಲ್ಲ ಅನ್ನಿ."

ಪ್ಯೊ ಗಡಿಬಿಡಿಯಲ್ಲಿ ಸಾಮಾನು ಚೀಲಕ್ಕೆ ತುಂಬಿದರು. ಬಿಸಿ ಬಾರ್ಲಿ ನೀರು ಕೊಟ್ಟರೂ ಕುಡಿಯದೆ ಶೂ ಹಾಕಿಕೊಂಡರು. ಉನ್ಸಿಲ್ ಟೇಪು ಕಿತ್ತು ಕಸಕ್ಕೆ ಎಸೆದಳು.

ಆ ರಾತ್ರಿ... ಅಡುಗೆಮನೆಯಿಂದ ಕಿರ್‍ರ್... ಟಕ್. ಗ್ಯಾಸಿನ ವಾಲ್ವ್ ತಿರುಗೋ ಸದ್ದು. ಬಾಯ್ಲರಿನ ಗುಂಯ್ ಅನ್ನೋದು ನಿಂತಿತು. ನೆಲ ಮಂಜುಗಡ್ಡೆ. ಎದ್ದು ನೋಡಿದರೆ ಗುಂಡಿ ಇಳಿದಿದೆ, ಹಳದಿ ಟೇಪು ಮತ್ತೆ ಅದರ ಮೇಲೆ. ಕಿತ್ತಳು, ಮತ್ತೆ ಬಾಯ್ಲರ್ ಹಚ್ಚಿದಳು. ಮರುದಿನವೂ ಹಾಗೇ. ಬೇರೆ ಹೆಂಗಸಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದಳು.

ಶುಕ್ರವಾರ ನಾನು ಒಂದು ಚೀಲ ಕೆಂಪು ಕಾಳು ಹೊತ್ತುಕೊಂಡು ಹೋದೆ. ಕೆಂಪು ಕಂಡರೆ ದೆವ್ವಕ್ಕೆ ಆಗಲ್ಲ, ಗೊತ್ತಲ್ಲ.

"ಮೂಲೆ ಮೂಲೆಗೂ ಎರಚೇ. ಓಡಿಹೋಗುತ್ತೆ."

ಅವಳು ಚೀಲ ಕಿತ್ತುಕೊಂಡು ಕಾಳನ್ನು ನೀರಿಗೆ ಸುರಿದಳು. "ಗಂಜಿ ಮಾಡ್ತೀನಿ. ಬೊರಾಗೆ ಇಷ್ಟ. ಚಳಿಗೆ ಸತ್ತ ಮುದುಕಿನ ಮತ್ತೆ ಚಳಿಗೆ ತಳ್ಳೋಕೆ ನಾನೇನು ನನ್ನ ಗಂಡನಾ?"

ಶನಿವಾರ ಮಗು ಬಂತು. ನಾನೂ ಅಲ್ಲೇ ಉಳಿದೆ. ಧೈರ್ಯಕ್ಕಲ್ಲ, ಅವಳು ಹೋಗೋಕೆ ಬಿಡಲಿಲ್ಲ. ಮಗು ನಿದ್ದೆ ಹೋಯಿತು. ಆಮೇಲೆ... ಕಿರ್‍ರ್... ಟಕ್. ನನ್ನ ಬೆನ್ನಡಿ ನೆಲ ತಣ್ಣಗಾಗುತ್ತಾ ಬಂತು. ನಾನು ಕಂಬಳಿ ತಲೆವರೆಗೆ ಎಳೆದುಕೊಂಡೆ. ಉನ್ಸಿಲ್ ಎದ್ದು ಹೋಗಿ ಆ ಗುಂಡಿಯ ಮುಂದೆ ನಿಂತಳು. ದೀಪವನ್ನೂ ಹಾಕಲಿಲ್ಲ.

"ಅಜ್ಜಿ, ನೀವು ಬಿಡಲ್ಲ, ನಾನೂ ಬಿಡಲ್ಲ. ಇರಿ. ಆದ್ರೆ ಬಿಲ್ ಕಟ್ಟೋಳು ನಾನು. ನಿಮಗಂತೂ ಯಾರೂ ನೆಲ ಬೆಚ್ಚಗೆ ಮಾಡ್ಲಿಲ್ಲ, ಅದಕ್ಕೆ ನನಗೂ ಸಂಕಟ ಆಗುತ್ತೆ. ಹಾಗಂತ ನನ್ನ ಮಗಳು ನಡುಗಬೇಕಾ? ಬೆಳಗ್ಗೆ ಅವರಪ್ಪ ಬಂದು ನೆಲ ಮುಟ್ತಾನೆ. ತಣ್ಣಗಿದ್ರೆ ಮಗು ಹೋಗುತ್ತೆ. ಆಮೇಲೂ ನಾನು ಇಲ್ಲೇ ಇರ್ತೀನಿ. ಆಗ ನೋಡೋಣ, ಯಾರಿಗೆ ಯಾರ ಕಾಟ ಅಂತ."

ಫ್ರಿಜ್ ಕೂಡ ಉಸಿರಾಡಲಿಲ್ಲ. ಅವಳು ಬಂದು ಮಗುವನ್ನು ತಬ್ಬಿಕೊಂಡು ಮಲಗಿದಳು. ತನ್ನ ಕಂಬಳಿಯನ್ನೂ ಮಗುವಿಗೇ ಹೊದಿಸಿದಳು.

ತುಂಬಾ ಹೊತ್ತಾದ ಮೇಲೆ... ಸರ್‍ರ್... ಟೇಪು ಬಿಚ್ಚೋ ಸದ್ದು. ಗುಂಡಿ ತಿರುಗಿತು, ಕಟ ಕಟ ಕಟ. ಆಮೇಲೆ ಟಿಕ್ ಟಿಕ್ ಟಿಕ್... ಭುಸ್.

ಬೆಳಗ್ಗೆ ಅವನು ಬಂದ. ಬಾಗಿಲಲ್ಲಿ ಶೂ ಬಿಚ್ಚಿ, ದೊಡ್ಡ ಮನುಷ್ಯನ ಹಾಗೆ ಬಗ್ಗಿ ಅಂಗೈ ನೆಲಕ್ಕಿಟ್ಟ. ಇಟ್ಟವನೇ ತಟ್ಟನೆ ಕೈ ತೆಗೆದ. ಅಷ್ಟು ಬಿಸಿ. ಬೊರಾ ಕಂಬಳಿ ಒದ್ದು, ಕೆನ್ನೆ ಕೆಂಪಗೆ ಮಾಡ್ಕೊಂಡು ಮಲಗಿದ್ದಳು. ಅವನು ಶೂ ಹಾಕ್ಕೊಂಡು ಹೋದ.

ಮಗು ಈಗಲೂ ಅಲ್ಲೇ ಇದೆ. ಗ್ಯಾಸಿನ ಬಿಲ್ ಬಂದಾಗಲೆಲ್ಲ ಉನ್ಸಿಲ್ ಗೋಡೆ ಕಡೆ ತಿರುಗಿ ಬೈತಾಳೆ. ನಂಬದಿದ್ದರೆ ಬನ್ನಿ, ತೋರಿಸ್ತೀನಿ. ಗುಂಡಿ ತುತ್ತತುದಿಗೆ ಏರಿದೆ, ಅದರ ಮೇಲೆ ಹಳದಿ ಟೇಪು. ನಾವಿಬ್ಬರೂ ಉಗುರು ಸವೆಯೋವರೆಗೆ ಕೆರೆದು ನೋಡಿದ್ದೀವಿ. ಅದು ಬಿಡೋದಿಲ್ಲ.