ದರ್ಜಿಯ ಹೆಂಡತಿಯ ಸೊಂಟ

ಮಂಡಿ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ಆಕೆ ಬಸ್ ಕಂಡಕ್ಟರ್, ಯೂನಿಫಾರಂನಲ್ಲೇ ಬಂದಿದ್ದಳು. ಆತ ದರ್ಜಿ, ಅಳತೆ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು.

"ತೂಕ ಇಳಿಸಿದ್ರೆ ಮಂಡಿ ಉಳಿಯುತ್ತೆ ಅಂದ್ರು ಡಾಕ್ಟ್ರು. ಸಕ್ಕರೆ ಬಿಟ್ಟೆ, ಕರಿದಿದ್ದು ಬಿಟ್ಟೆ, ದಿನಾ ಬೆವರು ಸುರಿಸ್ಕೊಂಡು ನಡೆದೆ. ಇಳೀತಾನೇ ಇಲ್ವಲ್ಲ," ಅಂದಳು ಆಕೆ, ಮಂಡಿ ನೀವಿಕೊಳ್ಳುತ್ತ.

"ತೂಕದ ಮಷೀನ್ ಹತ್ತಿ ನೋಡಿದ್ಯಾ?"

"ಅದನ್ನ ಕಂಡ್ರೇ ನಂಗಾಗಲ್ಲ. ಪ್ಯಾಂಟೇ ಹೇಳುತ್ತಲ್ಲ. ಆರು ತಿಂಗಳಿಂದ ಸೊಂಟದ ಹತ್ರ ಒಂಚೂರೂ ಸಡಿಲ ಆಗಿಲ್ಲ. ಸಾಕಪ್ಪ, ಇವತ್ತಿಂದ ಹೊಟ್ಟೆ ತುಂಬ ತಿಂತೀನಿ."

ಆತ ಟೇಪನ್ನು ಬೆರಳಿಗೆ ಸುತ್ತತೊಡಗಿದ.

"ಸಡಿಲ ಆಗಿತ್ತು ಕಣೇ."

"ಯಾವಾಗ?"

"ಆಗಾಗ. ಇಸ್ತ್ರಿ ಮಾಡೋವಾಗ ನಾನೇ ಸೊಂಟದ ಹತ್ರ ಹಿಡಿದು ಬಿಗಿ ಮಾಡಿ ಹೊಲೀತಿದ್ದೆ."

"ನಂಗೊಂದು ಮಾತು ಹೇಳ್ದೆ?"

"ಅದ್ರಲ್ಲಿ ಹೇಳೋದೇನಿದೆ? ದರ್ಜಿ ಹೆಂಡ್ತಿ ದೊಗಲೆ ಪ್ಯಾಂಟಲ್ಲಿ ಟಿಕೆಟ್ ಕೊಟ್ರೆ ಅಂಗಡಿ ಮರ್ಯಾದೆ ಏನಾಗ್ಬೇಕು?"

"ನಿಮ್ಮ ಅಂಗಡಿಗಿಷ್ಟು ಬೆಂಕಿ ಹಾಕ. ಬಾಯಿ ಕಟ್ಟಿ, ಕನ್ನಡಿ ಮುಂದೆ ನಿಂತು ಅಳ್ತಿದ್ನಲ್ರೀ. ನೋಡ್ಕೊಂಡು ಸುಮ್ನಿದ್ರಲ್ಲ."

"ಮಂಡಿ ನೋವಿಗೆ ಅಳ್ತಿದ್ದೀಯ ಅಂದ್ಕೊಂಡೆ."

ತೂಕ ನೋಡಲು ನರ್ಸ್ ಕರೆದಳು. ಇಬ್ಬರೂ ಎದ್ದರು. ಆತನ ಕೈ ತಾನಾಗಿಯೇ ಆಕೆಯ ಪ್ಯಾಂಟಿನ ಪಟ್ಟಿಗೆ ಹೋಗಿ, ಎರಡು ಬೆರಳಲ್ಲಿ ಬಟ್ಟೆಯನ್ನು ಚಿವುಟಿ ಹಿಡಿಯಿತು.

"ಇಲ್ಲಿ ಮತ್ತೆ ಕಾಲು ಇಂಚು..."

"ಸೂಜಿ ಮುಟ್ಟಿ ನೋಡಿ, ಕೈ ಮುರೀತೀನಿ."

ಆಕೆ ಕುಂಟುತ್ತಲೇ, ಆದರೆ ಅವನಿಗಿಂತ ಮುಂದೆ, ಒಳಗೆ ಹೋದಳು.