ಆಮೆಯಜ್ಜಿ ಬಾವಿಯ ಬಗ್ಗೆ ಗಿಡ್ಡಪ್ಪನ ಎರಡನೇ ಹೇಳಿಕೆ

ನನ್ನ ಹೆಸರು ಗಿಡ್ಡಪ್ಪ ತಂದೆ ಬಸ್ಸಪ್ಪ, ವಯಸ್ಸು 34 ವರ್ಷ, ಉದ್ಯೋಗ ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ, ಸಾಕಿನ್ ವಳಕಮದಿನ್ನಿ, ತಾಲೂಕು ಸಿಂಧನೂರು, ಜಿಲ್ಲಾ ರಾಯಚೂರು. ಈ ದಿವಸ ದಿನಾಂಕ 17-12-1987 ಗುರುವಾರ ಬೆಳಿಗ್ಗೆ 10-15 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಇದೇ ತಿಂಗಳು 13ನೇ ತಾರೀಖು ರವಿವಾರ ಕಥೆ ತೋಟದ ಬಾವಿಯಲ್ಲಿ ದಾವಲ್‌ಸಾಬ್ ಎಂಬ 61 ವರ್ಷದ ಹಿರಿಯರು ಮೃತಪಟ್ಟ ಬಗ್ಗೆ ಅದೇ ದಿನ ಸಂಜೆ ನಾನು ಒಂದು ಹೇಳಿಕೆ ಕೊಟ್ಟಿದ್ದೇನೆ. ಅದರಲ್ಲಿ ಎರಡು ಮಾತು ಸುಳ್ಳು. ಅವನ್ನು ತಿದ್ದಿಸಬೇಕೆಂದು ಬಂದಿದ್ದೇನೆ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ನನಗೆ ಆದಮ್ಮ ಎಂಬ ಹೆಂಡತಿ, ಯಮನೂರಮ್ಮ ಎಂಬ ಆರು ವರ್ಷದ ಒಬ್ಬಳೇ ಮಗಳು ಇದ್ದಾರೆ. ಮಗಳು ಒಂದನೇ ತರಗತಿ ಓದುತ್ತಾಳೆ. ಮುದಗಲ್ ಹತ್ತಿರ ಕಥೆ ತೋಟ ಎಂಬುದಿದೆ, ಅಲ್ಲಿ ಕಥೆಯ ಪ್ರಾಣಿಗಳನ್ನು ಸಿಮೆಂಟಿನಲ್ಲಿ ಮಾಡಿ ನಿಲ್ಲಿಸಿದ್ದಾರೆ, ಬಿದ್ದ ಹಲ್ಲನ್ನು ಅಲ್ಲಿಯ ಬಾವಿಗೆ ಹಾಕಿದರೆ ಅದರೊಳಗಿರುವ ಆಮೆಯಜ್ಜಿ ಕಾಯ್ದು ಇಟ್ಟುಕೊಳ್ಳುತ್ತಾಳೆ ಎಂದು ಶಾಲೆಯಲ್ಲಿ ಯಾರೋ ಅವಳಿಗೆ ಹೇಳಿದ್ದರು. ದಸರೆಯ ಹೊತ್ತಿಗೆ ಅವಳ ಮುಂದಿನ ಹಲ್ಲು ಬಿತ್ತು. ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಎರಡು ತಿಂಗಳು ನನ್ನನ್ನು ಕಾಡಿದಳು. ಸುಗ್ಗಿಯಲ್ಲಿ ಗಿರಣಿಗೆ ರವಿವಾರವೂ ರಜೆ ಇರುವುದಿಲ್ಲ. ಅವಳು ಅಲ್ಲಿಯವರೆಗೆ ನನ್ನ ಬಳಿ ಬಾಯಿಬಿಟ್ಟು ಬೇರೆ ಏನನ್ನೂ ಕೇಳಿದವಳಲ್ಲ. ಹೀಗಾಗಿ ಮೇಸ್ತ್ರಿಗೆ ಹೇಳಿ ಒಂದು ದಿನ ಬಿಡುವು ಪಡೆದೆ. ಮದುವೆಯಾದ ಮೇಲೆ ನಾವು ದೇವರ ಕೆಲಸ, ಸಾವು, ಮದುವೆ ಬಿಟ್ಟು ಸುಮ್ಮನೆ ನೋಡಲಿಕ್ಕೆಂದು ಹೊರಟದ್ದು ಅದೇ ಮೊದಲು.

ರವಿವಾರ ಬೆಳಿಗ್ಗೆ 6-30ಕ್ಕೆ ಊರಿನಿಂದ ಟ್ರ್ಯಾಕ್ಟರಿನಲ್ಲಿ ಸಿಂಧನೂರಿಗೆ ಬಂದೆವು. 7-45ರ ಬಸ್ಸು ಹತ್ತಿದೆವು. ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಮಗಳಿಗೆ ತಿನ್ನಲು ಮಂಡಾಳು ಒಗ್ಗರಣೆ ಕಟ್ಟಿಸಿಕೊಂಡೆ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಮುದಗಲ್ ಇನ್ನೂ 3 ಕಿಲೋಮೀಟರ್ ಇರುವಾಗ ತೋಟದ ಮುಂದೆ ಇಳಿದೆವು. ಆಗ 11-10 ಆಗಿತ್ತು. ರಸ್ತೆಯಿಂದ ತೋಟದ ಗೇಟು ಸುಮಾರು 200 ಅಡಿ.

ಗೇಟಿನಲ್ಲಿ ಪಕೀರಮ್ಮ ಎಂಬ ವಯಸ್ಸಾದ ಹೆಣ್ಣುಮಗಳು ಕುಳಿತಿದ್ದರು. ಶಾಲೆಯಲ್ಲಿ ಆಯಾ ಆಗಿದ್ದು ನಿವೃತ್ತಿಯಾದವರೆಂದು ಅವರೇ ಹೇಳಿದರು. ಮೂವತ್ತೈದು ವರ್ಷದ ಹಿಂದೆ ಒಬ್ಬ ಡ್ರಾಯಿಂಗ್ ಮಾಸ್ತರರು ತಮ್ಮ ಸ್ವಂತ ಎರಡು ಎಕರೆಯಲ್ಲಿ ಈ ತೋಟ ಮಾಡಿದರೆಂದೂ, ಮಾಸ್ತರರು ತೀರಿಕೊಂಡ ಮೇಲೆ ತಾವು, ಗೌಂಡಿ ಕೆಲಸದ ದಾವಲ್‌ಸಾಬ್ ಮತ್ತು ಸೈಕಲ್ ಅಂಗಡಿಯ ಬಾಬುಸಾಬ್ ಸೇರಿ ಸಂಬಳವಿಲ್ಲದೆ ಪ್ರತಿ ರವಿವಾರ ತೆರೆದು ನೋಡಿಕೊಳ್ಳುತ್ತೇವೆಂದೂ ತಿಳಿಸಿದರು. ಮಾಸ್ತರರು ಬೊಂಬೆ ಮಾಡುವಾಗ ಸಿಮೆಂಟು ಕಲಸಿ ಕೊಟ್ಟವರು ಇದೇ ದಾವಲ್‌ಸಾಬ್ ಎಂದೂ, ಈಗ ಒಡೆದ ಕಿವಿ, ಮುರಿದ ಬಾಲ ಎಲ್ಲ ಅವರೇ ಕೂಡಿಸಿ ಬಣ್ಣ ಹಚ್ಚುತ್ತಾರೆಂದೂ ಹೇಳಿದರು.

ಮಗಳು ಒಂದೊಂದೇ ಬೊಂಬೆ ಮುಟ್ಟಿ ನೋಡಿದಳು. ಮೊಸಳೆಯ ಬಾಯಿಯಲ್ಲಿ ಕೈ ಇಟ್ಟು ತೆಗೆದಳು. ತಂದ ಬುತ್ತಿಯನ್ನು 1-30ಕ್ಕೆ ಬೇವಿನ ಗಿಡದ ಕೆಳಗೆ ಉಂಡೆವು. ಸುಮಾರು 3 ಗಂಟೆಗೆ ದಾವಲ್‌ಸಾಬ್ ಅದೇ ಗಿಡದ ಕೆಳಗೆ ಮಕ್ಕಳನ್ನು ಕೂಡಿಸಿ ಕಥೆ ಹೇಳಲು ಸುರು ಮಾಡಿದರು. ಅವರ ಅಂಗಿಯ ತೋಳಿಗೆ ಹಸಿರು ಬಣ್ಣ ಹತ್ತಿತ್ತು. ಮಾತಿನ ನಡುವೆ ದಮ್ಮು ಬರುತ್ತಿತ್ತು, ನಿಂತು ಉಸಿರು ಎಳೆದು ಮತ್ತೆ ಹೇಳುತ್ತಿದ್ದರು. ಆಮೆಯಜ್ಜಿಯ ಕಥೆಯನ್ನು ನನ್ನ ಮಗಳು ತೊಡೆಯ ಮೇಲೆ ಬೆಂಕಿಪೊಟ್ಟಣ ಇಟ್ಟುಕೊಂಡು ಕೇಳಿದಳು. ಕಥೆ ಮುಗಿದ ಮೇಲೆ ಅವರು ಅವಳನ್ನು ಕರೆದು, ಹಲ್ಲು ತಂದೀಯೇನು ಎಂದು ಕೇಳಿ, ತಾವೇ ಬಾವಿಯವರೆಗೆ ಕರೆದುಕೊಂಡು ಹೋಗಿ, ಜಾಲರಿಯ ಸಂದಿಯಿಂದ ಹಾಕಿಸಿದರು. ಆಮೇಲೆ ಬೇರೆ ಮಕ್ಕಳ ಬಳಿಗೆ ಗಿಡದ ಕೆಳಗೆ ಹೋದರು. ಗಿಡದಿಂದ ಬಾವಿಗೆ ಸುಮಾರು 40 ಅಡಿ.

ಬಾವಿ ಹಳೆಯ ಸೇದುವ ಬಾವಿ, ಮೆಟ್ಟಿಲಿಲ್ಲ. ಕಟ್ಟೆ ಮೂರು ಅಡಿ ಎತ್ತರ, ಮೇಲೆ ಎರಡು ಭಾಗದ ಕಬ್ಬಿಣದ ಜಾಲರಿ. ಕಟ್ಟೆಯಿಂದ ನೀರಿಗೆ 24 ಅಡಿ. ಎಡಗಡೆಯ ಜಾಲರಿಯ ಬೆಸುಗೆ ಬಿಟ್ಟಿತ್ತು. ಅದನ್ನು ತಂತಿಯಿಂದ ಕಟ್ಟಿ, ಕೆಂಪು ಬಟ್ಟೆ ಸುತ್ತಿ, ಪಕ್ಕದಲ್ಲಿ ಒಂದು ಹಲಗೆ ಇಟ್ಟಿದ್ದರು. ಹಲಗೆಯ ಮೇಲೆ ಸುಣ್ಣದಿಂದ, ಈ ಕಡೆ ಯಾರೂ ಹತ್ತಬಾರದು, ಮಕ್ಕಳನ್ನು ಹತ್ತಿಸಬಾರದು ಎಂದು ಬರೆದಿತ್ತು. ನಾನು ನಾಲ್ಕನೇ ತರಗತಿಯವರೆಗೆ ಓದಿದ್ದೇನೆ. ಹಲಗೆಯನ್ನು ಓದಿದ್ದೆ. ರವಿವಾರ ಸಂಜೆ ಹಲಗೆ ನೋಡಲಿಲ್ಲ ಎಂದು ಬರೆಸಿದ್ದೆ.

ಸುಮಾರು 4 ಗಂಟೆಗೆ ಹೊರಡುವ ಮೊದಲು ಮಗಳು ಮತ್ತೆ ಬಾವಿಯ ಬಳಿ ಹೋಗೋಣ ಎಂದಳು. ಕಟ್ಟೆ ಅವಳ ಗದ್ದಕ್ಕೆ ಬರುತ್ತಿತ್ತು. "ಅಪ್ಪ, ಆಮಿ ಕಾಣವಲ್ದು" ಎಂದಳು. ಬಲಗಡೆ ಎತ್ತಿ ತೋರಿಸಿದೆ, ಆ ಕಡೆ ಬಿಸಿಲು ನೀರಿಗೆ ಬೀಳುತ್ತಿರಲಿಲ್ಲ. ಎಡಗಡೆಯಿಂದ ನೀರು ಚೆನ್ನಾಗಿ ಕಾಣುತ್ತಿತ್ತು. ಪಕೀರಮ್ಮ ಗಿಡಗಳಿಗೆ ನೀರು ಹಾಕುತ್ತಿದ್ದವರು ನೋಡಿ, "ಆ ಕಡಿ ಬ್ಯಾಡ ತಮ್ಮಾ, ಜಾಲರಿ ಸಡ್ಲಾಗ್ಯಾದ, ಮಂಗಳವಾರ ಬೆಸುಗಿ ಹಾಕೋರು ಬರ್ತಾರ" ಎಂದರು. ನಾನು ಹೂಂ ಎಂದೆ. ಅವರು ಆ ಕಡೆ ತಿರುಗಿದ ಮೇಲೆ ಮಗಳನ್ನು ಎಡಗಡೆಯ ಜಾಲರಿಯ ಮೇಲೆ ನಿಲ್ಲಿಸಿ ಎರಡೂ ಕೈಯಿಂದ ಸೊಂಟ ಹಿಡಿದೆ. ಪಕೀರಮ್ಮ ಮತ್ತೆ ನೋಡಿ ಇಳಿಸುವಂತೆ ಗಟ್ಟಿಯಾಗಿ ಹೇಳಿದರು. ನಾನು, "ಒಂದ್ ಗಳಿಗಿ ರೀ, ನಾ ಹಿಡಕೊಂಡೀನಿ" ಎಂದೆ. ಕ್ವಿಂಟಾಲು ಚೀಲ ಎತ್ತುವ ಕೈ, ಆರು ವರ್ಷದ ಕೂಸನ್ನು ಬಿಟ್ಟೀತೇ ಎಂದು ನನ್ನ ಮನಸ್ಸಿನಲ್ಲಿತ್ತು.

ಆಗ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಲಿಂಗಸುಗೂರಿಗೆ ಹೋಗುವ ಬಸ್ಸು ಇರಬಹುದೆಂದು ತಿರುಗಿ ನೋಡಿದೆ. ಒಂದು ಕೈ ಬಿಟ್ಟೆ. ಅದೇ ಹೊತ್ತಿಗೆ ತಂತಿ ಕಡಿದು ಜಾಲರಿ ಒಳಕ್ಕೆ ವಾಲಿತು, ಪಕ್ಕದ ಹಲಗೆಯೂ ಬಾವಿಗೆ ಬಿತ್ತು. ಇನ್ನೊಂದು ಕೈಯಲ್ಲಿ ಅವಳ ಲಂಗದ ಅಂಚು ಸಿಕ್ಕಿತ್ತು, ಅದೂ ಹರಿಯಿತು. ಆಗ 4-10 ಆಗಿತ್ತು.

ನನಗೆ ಈಜು ಬರುವುದಿಲ್ಲ. ಬರುತ್ತಿದ್ದರೂ ಜಿಗಿಯುತ್ತಿದ್ದೆನೋ ಇಲ್ಲವೋ ಹೇಳಲಾರೆ. ಕಟ್ಟೆ ಹಿಡಿದು ನಿಂತೇ ಇದ್ದೆ. ಕೂಗಿದವಳು ಆದಮ್ಮ. ದಾವಲ್‌ಸಾಬ್ ಗಿಡದ ಕೆಳಗಿನಿಂದ ಓಡಿ ಬಂದು, ಚಪ್ಪಲಿ ಸಹ ಬಿಡದೆ, ನನ್ನ ಮಗ್ಗುಲಿನಿಂದ ಬಾವಿಗೆ ಜಿಗಿದರು. ಒಮ್ಮೆ ಮುಳುಗಿ ಎದ್ದಾಗ ಅವರ ಕೈಯಲ್ಲಿ ಮಗಳಿದ್ದಳು. ಅವಳನ್ನು ಹೆಗಲ ಮೇಲೆ ಹೊತ್ತು, ಗೋಡೆಗೆ ಬೆನ್ನು ಹಚ್ಚಿ, ಕಾಲು ಬಡಿಯುತ್ತಾ ನಿಂತರು. ಗೋಡೆಗೆ ಪಾಚಿ ಕಟ್ಟಿತ್ತು, ಹಿಡಿಯಲು ಏನೂ ಇರಲಿಲ್ಲ.

ಹಗ್ಗ 150 ಅಡಿ ದೂರದ ಪತ್ರಾಸಿನ ತಗಡಿನ ಕೋಣೆಯಲ್ಲಿತ್ತು. ಬಾಬುಸಾಬ್ ಬೀಗ ತೆಗೆದು ತರುವುದರೊಳಗೆ ಆರು ಏಳು ನಿಮಿಷ ಹಿಡಿಯಿತು. ಹಗ್ಗ ಕೆಳಗೆ ಬಿಟ್ಟ ಮೇಲೆ ದಾವಲ್‌ಸಾಬ್ ಒಂದೇ ಕೈಯಿಂದ ಮಗಳ ಕಂಕುಳ ಕೆಳಗೆ ಅದನ್ನು ಬಿಗಿದರು. ಎರಡು ಸಲ ನೀರು ಕುಡಿದರು, ಗಂಟು ಮಾತ್ರ ಸಡಿಲಾಗಲಿಲ್ಲ. ಆದಮ್ಮ, ಬಾಬುಸಾಬ್ ಮತ್ತು ನೋಡಲು ಬಂದಿದ್ದ ಗುರುಗುಂಟಾದ ಒಬ್ಬರು ಎಳೆದರು. 4-22ಕ್ಕೆ ಮಗಳು ಮೇಲೆ ಬಂದಳು.

ಪಕೀರಮ್ಮ ಅವಳನ್ನು ಬೋರಲು ಹಾಕಿ ಬೆನ್ನು ತಿಕ್ಕುತ್ತಿದ್ದರು. ಕೆಳಗಿನಿಂದ ದಾವಲ್‌ಸಾಬ್, "ಪಕೀರವ್ವ, ಹುಡುಗಿ ಅಳಾಕತ್ತಾಳೇನು?" ಎಂದು ಕೇಳಿದರು. ಮಗಳು ಆಗ ಅಳುತ್ತಿರಲಿಲ್ಲ. ಕಣ್ಣು ಮುಚ್ಚಿತ್ತು, ತುಟಿ ನೀಲಿಯಾಗಿತ್ತು. ಪಕೀರಮ್ಮ ತಲೆ ಎತ್ತದೆ, "ಅಳಾಕತ್ತಾಳ ದಾವಲಣ್ಣ, ಚಲೋ ಅದಾಳ, ನೀ ಹಗ್ಗ ಹಿಡಿ" ಎಂದರು. ಅವರು, "ಹಂಗಾರ ಚಲೋ ಆತು" ಎಂದರು. ಅವರ ಬಾಯಿಂದ ನಾನು ಕೇಳಿದ ಕಡೆಯ ಮಾತು ಅದೇ. ನನ್ನ ಮಗಳು ನಿಜವಾಗಿ ಅತ್ತದ್ದು ಅದಾದ ಮೂರು ನಾಲ್ಕು ನಿಮಿಷದ ಮೇಲೆ. ಅದನ್ನು ಅವರು ಕೇಳಲಿಲ್ಲ.

ಎರಡನೇ ಸಲ ಹಗ್ಗ ಬಿಟ್ಟಾಗ ನಾನೂ ಹಿಡಿದೆ. ಅವರು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡರು. ಗಂಟು ಹಾಕಿಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಸುಮಾರು ಆರು ಅಡಿ ಮೇಲೆ ಬಂದರು. ನಾನು ಭಾರದ ಕೆಲಸ ಮಾಡುವವನು. ಭಾರ ಕೈಯಿಂದ ಹೋದದ್ದು ನನಗೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಯಿತು. ಹಗ್ಗ ಹಗುರಾಯಿತು. ಕೆಳಗೆ ನೋಡಿದಾಗ ನೀರು ಅಲುಗುತ್ತಿತ್ತು. ಮುದಗಲ್‌ನಿಂದ ಬಂದ ಇಬ್ಬರು ಈಜುಗಾರರು 5-40ಕ್ಕೆ ಅವರನ್ನು ಮೇಲೆ ತಂದು ಕಟ್ಟೆಯ ಪಕ್ಕ ಮಲಗಿಸಿದರು. ಒಂದು ಕಾಲಿಗೆ ಚಪ್ಪಲಿ ಹಾಗೇ ಇತ್ತು.

ಸಂಜೆ 6-30ಕ್ಕೆ ಸ್ಥಳಕ್ಕೆ ಬಂದ ಸಾಹೇಬರು, ಜಾಲರಿ ಸಡಿಲಿದ್ದ ವಿಷಯ ನಿಮಗೆ ಯಾರಾದರೂ ಹೇಳಿದ್ದರೇ ಎಂದು ಕೇಳಿದರು. ಸುತ್ತ ಐವತ್ತು ಅರವತ್ತು ಜನ ನಿಂತಿದ್ದರು. ಪಕೀರಮ್ಮ ನನ್ನಿಂದ ನಾಲ್ಕು ಅಡಿ ದೂರದಲ್ಲಿ, ಮೃತರ ತಲೆಯ ಬಳಿ ಕುಳಿತಿದ್ದರು. ನಾನು ಇಲ್ಲ ಎಂದು ತಲೆ ಆಡಿಸಿದೆ. ಅದನ್ನೇ ಬರೆದುಕೊಂಡರು. ಪಕೀರಮ್ಮ ನನ್ನನ್ನು ನೋಡಿದರು. ಆದಮ್ಮ ಆಗ ಮಗಳನ್ನು ಕರೆದುಕೊಂಡು ದವಾಖಾನೆಗೆ ಹೋಗಿದ್ದಳು.

15ನೇ ತಾರೀಖು ಮಂಗಳವಾರ ಗಿರಣಿಗೆ ಬಂದ ಮುದಗಲ್ ಕಡೆಯ ಲಾರಿ ಚಾಲಕರೊಬ್ಬರು, ತೋಟಕ್ಕೆ ಬೀಗ ಬಿದ್ದಿದೆ, ಪಕೀರಮ್ಮ ಮತ್ತು ಬಾಬುಸಾಬರನ್ನು ಠಾಣೆಗೆ ಕರೆಸಿ ಸಂಜೆಯವರೆಗೆ ಕೂಡಿಸಿದ್ದರು, ಸತ್ತ ಗೌಂಡಿಯದೇ ತಪ್ಪು, ಜಾಲರಿ ಕೆಟ್ಟದ್ದು ಮಂದಿಗೆ ಹೇಳದೆ ಇಟ್ಟು ತಾನೇ ಹೋದ ಎಂದು ಊರಲ್ಲಿ ಅನ್ನುತ್ತಾರೆ ಎಂದು ಹೇಳಿದರು. ನಾನು ಸಂಜೆಯವರೆಗೆ ಚೀಲ ಹೊತ್ತೆ.

16ನೇ ತಾರೀಖು ಬುಧವಾರ, ಮಣ್ಣಾದ ಮೂರನೇ ದಿನದ ಜಿಯಾರತ್ ಕಾರ್ಯ ಇದೆ, ಹೋಗಲೇಬೇಕು ಎಂದು ಆದಮ್ಮ ಹಟ ಹಿಡಿದಳು. ಮಗಳನ್ನು ನನ್ನ ತಾಯಿಯ ಬಳಿ ಬಿಟ್ಟು ಇಬ್ಬರೂ ಮುದಗಲ್‌ಗೆ ಹೋದೆವು. ಮೃತರ ಹೆಂಡತಿ ಮೆಹಬೂಬ್‌ಬೀ ನಮ್ಮನ್ನು ಒಳಗೆ ಕರೆದು ಚಾಪೆ ಹಾಸಿ ಕೂಡಿಸಿದರು, ಮೊದಲು ಹುಡುಗಿ ಉಂಡಳೇ, ಜ್ವರ ಬಂತೇ ಎಂದು ವಿಚಾರಿಸಿದರು. ಆಮೇಲೆ ನನಗೆ, "ತಮ್ಮಾ, ನೀ ಅಲ್ಲೇ ಇದ್ದಿ. ನಮ್ಮೋರು ಯಾರಿಗೂ ಹೇಳದಂಗ ಜಾಲರಿ ಹಂಗೇ ಬಿಟ್ಟಿದ್ರು ಅಂತಾರ ಮಂದಿ. ಖರೇನೇನು? ಮನ್ಯಾಗ ಒಂದು ಮೊಳಿ ಸಡ್ಲಾದ್ರೂ ನಿದ್ದಿ ಮಾಡೋ ಮನಷ್ಯಾ ಅಲ್ಲ ಅವ್ರು. ಅದಕ್ಕ ಕೇಳಾಕತ್ತೀನಿ" ಎಂದರು.

ನನ್ನ ಬದಲು ಆದಮ್ಮ ಹೇಳಿದಳು. "ಹಲಗಿ ಬರದಿಟ್ಟಿದ್ರು ಯವ್ವಾ. ಪಕೀರವ್ವ ಎರಡು ಸರ್ತಿ ಬಾಯಿಬಿಟ್ಟು ಹೇಳ್ಯಾರ. ನಮ್ಮೋರು ಕೇಳ್ಲಿಲ್ಲ" ಎಂದಳು. ಮೆಹಬೂಬ್‌ಬೀ ಕೇಳಿಸಿಕೊಂಡರು. ಬೈಯಲಿಲ್ಲ. ಹೊರಡುವಾಗ ನನಗೆ, "ಇದನ್ನ ಬರಿಯೋರ ಮುಂದ ಹೇಳು, ನನ್ನ ಮುಂದ ಹೇಳಿದ್ರ ಏನಾತದ" ಎಂದಷ್ಟೇ ಅಂದರು.

ಆದ್ದರಿಂದ ಹೇಳುವುದೇನೆಂದರೆ, ಪಕೀರಮ್ಮ, ಬಾಬುಸಾಬ್ ಇವರದು ತಪ್ಪಿಲ್ಲ. ದಾವಲ್‌ಸಾಬರದು ಅಂತೂ ಇಲ್ಲವೇ ಇಲ್ಲ. ಓದಿ, ಕೇಳಿ, ತಿಳಿದೂ ಮಗಳನ್ನು ಜಾಲರಿಯ ಮೇಲೆ ನಿಲ್ಲಿಸಿದವನು ನಾನು. ಹೀಗೆ ಬರೆಸಿದರೆ ನಿನ್ನ ಮೇಲೆಯೇ ಕೇಸು ಆಗಬಹುದು ಎಂದು ಸಾಹೇಬರು ಎರಡು ಸಲ ತಿಳಿಸಿ ಹೇಳಿದರು. ಬರೆಯಿರಿ ಎಂದೆ.

ಮತ್ತೇನಾದರೂ ಹೇಳುವುದಿದೆಯೇ ಎಂದು ಕೇಳಿದ್ದಕ್ಕೆ ಹೇಳುತ್ತೇನೆ. ಕಥೆ ಹೇಳುವ ಅಜ್ಜ ದವಾಖಾನೆಯಲ್ಲಿದ್ದಾರೆ ಎಂದು ಮೂರು ದಿನ ಮಗಳಿಗೆ ಹೇಳುತ್ತಾ ಬಂದಿದ್ದೆವು. ಈ ದಿವಸ ಬೆಳಿಗ್ಗೆ 5-30ಕ್ಕೆ ಮನೆ ಬಿಡುವ ಮೊದಲು ಅವಳನ್ನು ಎಬ್ಬಿಸಿ, ಅಜ್ಜ ತೀರಿಕೊಂಡರು, ನಿನ್ನನ್ನು ಎತ್ತಲು ಹೋಗಿ ತೀರಿಕೊಂಡರು ಎಂದು ಹೇಳಿದೆ. ಅವಳು ನನ್ನ ಮುಖ ನೋಡಿ, "ಅವ್ರು ನಮಗೇನಾಗಬೇಕಪ್ಪ?" ಎಂದು ಕೇಳಿದಳು.

ಇಷ್ಟು ನಾನು ಹೇಳಿ ಬರೆಸಿದ ನಿಜ ಸಂಗತಿ. ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನೂ ಬೆರಳಿಟ್ಟು ಓದಿಕೊಂಡಿದ್ದೇನೆ. ಇದರಲ್ಲಿ ಬಿಟ್ಟದ್ದು ಇಲ್ಲ, ಸೇರಿಸಿದ್ದು ಇಲ್ಲ. 13ನೇ ತಾರೀಖಿನ ಹೇಳಿಕೆಯ ಬದಲು ಇದನ್ನೇ ನನ್ನ ಮಾತೆಂದು ತಿಳಿಯಬೇಕು.

ಸ್ಥಳ: ಮುದಗಲ್
ದಿನಾಂಕ: 17-12-1987, ಮಧ್ಯಾಹ್ನ 12-05

(ಸಹಿ) ಗಿಡ್ಡಪ್ಪ ತಂದೆ ಬಸ್ಸಪ್ಪ
ವಳಕಮದಿನ್ನಿ