ಸಾಹುಕಾರನ ಮಗಳು ಸೋಲಲು ಕಲಿತದ್ದು

ಒಂದೂರಿನಲ್ಲಿ ಪಾತ್ರೆ ಅಂಗಡಿಯ ಸಾಹುಕಾರನೊಬ್ಬನಿದ್ದ. ಪ್ರವಚನ ಕೇಳಲು ಕೂತವರು ಆಗಲೇ ಪಕ್ಕದವರ ಮುಖ ನೋಡಬೇಡಿ, ಅವನು ಈ ಊರಿನವನಲ್ಲ. ಹೆಸರು ಗುರುಪಾದಪ್ಪ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು, ಶಾಂಭವಿ. ಆ ಮಗಳ ಕಣ್ಣಲ್ಲಿ ನೀರು ಬರಬಾರದು ಎಂಬುದು ಆ ಮನೆಯ ಕಾನೂನು.

ಎಂಥ ಕಾನೂನು ಅಂತೀರಿ? ಮಗಳು ಓಡಿದರೆ ಕಾರಿನ ಡ್ರೈವರ್ ಕುಂಟುತ್ತ ಹಿಂದೆ ಉಳಿಯಬೇಕು. ಮಗಳು ಬಚ್ಚಿಟ್ಟುಕೊಂಡರೆ, ಪರದೆಯ ಕೆಳಗೆ ಎರಡು ಕಾಲು ಕಾಣುತ್ತಿದ್ದರೂ ಅಡುಗೆಯಾಕೆ ಮನೆಯೆಲ್ಲ ಹುಡುಕಿ ಸುಸ್ತಾಗಬೇಕು. ಇನ್ನು ಸಾಹುಕಾರ ಚೌಕಾಬಾರ ಆಡಲು ಕೂತರೆ, ತನ್ನ ಕಾಯಿ ಹಣ್ಣಾಗಲು ಒಂದೇ ಮನೆ ಇದ್ದಾಗ ಲೆಕ್ಕ ತಪ್ಪಿಸಿ ಹಿಂದಕ್ಕೆ ನಡೆಸುತ್ತಿದ್ದ. ಅಂಗಡಿಯಲ್ಲಿ ಒಂದು ಚಮಚದ ಲೆಕ್ಕವನ್ನೂ ತಪ್ಪಿಸದ ಮನುಷ್ಯ, ನೋಡಿ, ಮನೆಯಲ್ಲಿ ಐದರವರೆಗೆ ಎಣಿಸಲು ಬಾರದವನಾಗಿದ್ದ.

ಹೀಗೇ ಎಂಟು ವರ್ಷ ನಡೆಯಿತು. ಮಗಳು ಮೂರನೆಯ ಇಯತ್ತೆಗೆ ಬಂದಳು. ಶಾಲೆಯಲ್ಲಿ ಬಾಯಲ್ಲಿ ಚಮಚ, ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುವ ಸ್ಪರ್ಧೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಶಾಂಭವಿಯ ನಿಂಬೆಹಣ್ಣು ಬಿತ್ತು. ಅದಕ್ಕೆ ಸಾಹುಕಾರನ ಮಗಳು ಅಂತ ಗೊತ್ತೇ? ಎಲ್ಲರಿಗಿಂತ ಕೊನೆಗೆ ಬಂದಳು. ಮಕ್ಕಳು ನಕ್ಕರು.

ಮನೆಗೆ ಬಂದವಳೇ ಚೀಲ ಎಸೆದು, "ನಾ ಇನ್ನ ಸಾಲಿಗೆ ಹೋಗಂಗಿಲ್ಲ" ಅಂದಳು. ಒಂದು ದಿನವಲ್ಲ, ಎರಡು ದಿನವಲ್ಲ, ಮೂರು ದಿನ ಹೋಗಲಿಲ್ಲ.

ಮೊದಲನೆಯ ದಿನ ಸಾಹುಕಾರ ಪೇಟೆಗೆ ಹೋಗಿ ಮಗಳ ಎದೆಮಟ್ಟದ ಬೆಳ್ಳಿ ಬಣ್ಣದ ಬಹುಮಾನದ ಕಪ್ ತಂದ. ಮಗಳು ಅದನ್ನು ಸುತ್ತುಹಾಕಿ ನೋಡಿ, "ಇದು ಅಂಗಡಿದು" ಅಂದಳು. ಎರಡನೆಯ ದಿನ ನಿಂಬೆಹಣ್ಣನ್ನು ಬೈದ. ಮೂರನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಿರುವಾಗ, ಊರಿನಿಂದ ಅವನ ಅಕ್ಕ ನೀಲಗಂಗವ್ವ ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ಒಳಗೆ ಬಂದಳು.

"ಎಲ್ಲಿಗೆ ಹೊಂಟೀಯೋ ತಮ್ಮಾ?"

"ಸಾಲಿಗೆ, ಅಕ್ಕಾ. ಆ ಓಟ ಇನ್ನೊಮ್ಮೆ ಇಡ್ರಿ ಅಂತ ಹೇಳಾಕ."

ಅಕ್ಕ ವಿಷಯವನ್ನೆಲ್ಲ ಕೇಳಿದಳು. ನಗಲಿಲ್ಲ. "ಅಂಗಿ ಬಿಚ್ಚಿ ಕುಂಡರು" ಅಂದಳು. ಆಮೇಲೆ ಸೋದರಸೊಸೆ ಶಾಂಭವಿಯನ್ನು ಕರೆದು ಚೌಕಾಬಾರದ ಮನೆ ಬರೆದಳು.

ಆಟ ಶುರುವಾಯಿತು. ಹಣ್ಣಾಗುವ ಹೊತ್ತಿಗೆ ಸರಿಯಾಗಿ ಅತ್ತೆ ಸೊಸೆಯ ಕಾಯಿ ಕಡಿದಳು. ಗುರುಪಾದಪ್ಪ ಬಾಗಿಲಲ್ಲಿ ನಿಂತು ಅಕ್ಕನಿಗೆ ಕಣ್ಣು ಹೊಡೆದ, ಕೆಮ್ಮಿದ, ಕೈ ಮುಗಿದ. ಅಕ್ಕ ನೋಡಲಿಲ್ಲ. ಎರಡನೆಯ ಕಾಯಿಯನ್ನೂ ಕಡಿದು ಆಟ ಗೆದ್ದಳು.

ಶಾಂಭವಿ ಕವಡೆಗಳನ್ನು ಎಸೆದು ಬೋರೆಂದು ಅತ್ತಳು. ಸಾಹುಕಾರ ಪೇಡೆಯ ಡಬ್ಬಿ ತಂದ. "ಇಡೋ ಅದನ್ನ" ಅಂದಳು ಅಕ್ಕ. ಮೊಬೈಲ್ ತೆಗೆದ. "ಅದನ್ನೂ ಇಡು."

ಅವಳು ಮಗುವಿನ ಪಕ್ಕಕ್ಕೆ ಸರಿದು ಕೂತಳು. "ಸಂಕಟ ಎಲ್ಲಿ ಆಗಾಕತ್ತೈತಿ ನನ್ನವ್ವಾ? ಗಂಟಲಾಗೋ, ಎದ್ಯಾಗೋ?"

"ಹೊಟ್ಟ್ಯಾಗ."

"ನನಗ ಸೋತರ ಕಿವಿ ಬಿಸಿ ಆಗ್ತಾವು. ಅಳು ನೀ. ನಾ ಇಲ್ಲೇ ಇರತೀನಿ."

ಸಾಹುಕಾರ ಅಡುಗೆಮನೆಗೆ ಹೋದ, ಬಂದ, ಗಡಿಯಾರ ನೋಡಿದ. ಹನ್ನೊಂದು ನಿಮಿಷಕ್ಕೆ ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿಟ್ಟುಸಿರಾಯಿತು. ಅಳು ತಾನಾಗಿಯೇ ನಿಲ್ಲುತ್ತದೆ ಎಂಬುದು ಅವನಿಗೆ ಎಂಟು ವರ್ಷದಲ್ಲಿ ಗೊತ್ತೇ ಆಗಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಒಂದು ನಿಮಿಷವೂ ಅಳಲು ಬಿಟ್ಟವನಲ್ಲ ಅವನು.

ಮಗಳು ಮೂಗು ಒರೆಸಿಕೊಂಡು, ಕಪಾಟಿನ ಕೆಳಗೆ ಮಲಗಿ ಕವಡೆಗಳನ್ನು ತಾನೇ ಆರಿಸಿ ತಂದಳು. "ಅತ್ತಿ, ಇನ್ನೊಂದ ಆಟ." ಅದರಲ್ಲೂ ಸೋತಳು. ಈ ಸಲ ಕಣ್ಣು ತುಂಬಿತು, ಉಕ್ಕಲಿಲ್ಲ. "ನೀ ಹೆಂಗ ಕಡದಿ, ತೋರಸು" ಅಂದಳು.

ತೋರಿಸುವಾಗ ಅತ್ತೆ ಕೇಳಿದಳು: "ನಿಮ್ಮಪ್ಪನ ಕೂಡ ಆಡಿದ್ರ ಚಲೋ ಅನಸ್ತೈತೋ, ನನ್ನ ಕೂಡ ಆಡಿದ್ರೋ?"

"ಅಪ್ಪ ಬೇಕಂತ ಸೋಲತಾನ."

"ನಿನಗ ಗೊತ್ತೈತೇನು?"

"ಯಾವಾಗಿಂದನೂ ಗೊತ್ತೈತಿ. ನಾ ಅತ್ರ ಅಪ್ಪಗ ತಡಕೊಳ್ಳಾಕ ಆಗಂಗಿಲ್ಲ. ಅದಕ್ಕ ಹೇಳಿಲ್ಲ."

ಬಾಗಿಲಲ್ಲಿ ನಿಂತ ಗುರುಪಾದಪ್ಪ ಇದನ್ನು ಕೇಳಿಸಿಕೊಂಡ. ಯಾರು ಯಾರನ್ನು ಸಾಕುತ್ತಿದ್ದರು, ಹೇಳಿ? ಎಂಟು ವರ್ಷದ ಕೂಸು ಐವತ್ತು ವರ್ಷದ ಅಪ್ಪನನ್ನು ಜೋಪಾನ ಮಾಡುತ್ತಿತ್ತು. ಅವನು ಆಟದ ಮನೆಯ ಹತ್ತಿರ ಬಂದು, "ನನ್ನ ಕೂಡ ಒಂದ ಆಟ ಆಡತೀಯೇನವಾ? ಖರೇ ಖರೇ ಆಡತೀನಿ" ಅಂದ. ಆಡಿದ. ಖರೇ ಆಡಿಯೂ ಸೋತ. ಮಗಳು ಅವನ ಮುಖವನ್ನು ಅನುಮಾನದಿಂದ ನೋಡಿ, ಆಮೇಲೆ ಕುಣಿದಳು.

ಮರುದಿನ ಶಾಲೆಗೆ ಹೋದಳು. ಮುಂದಿನ ವರ್ಷ ಓಟದಲ್ಲಿ ಗೆದ್ದಳೇ ಅಂತ ಕೇಳುತ್ತೀರಿ, ನನಗೆ ಗೊತ್ತು. ಇಲ್ಲ. ನಾಲ್ಕನೆಯವಳಾದಳು. ಮನೆಗೆ ಬಂದು ಸ್ವಲ್ಪ ಅತ್ತಳು, ಮುಖ ತೊಳೆದುಕೊಂಡು ಎರಡು ರೊಟ್ಟಿ ತಿಂದಳು.

ನೋಡಿ, ನಗುತ್ತಿದ್ದೀರಿ. ಸಾಹುಕಾರನನ್ನು ನೋಡಿ ನಗುತ್ತಿದ್ದೀರೋ, ನಿಮ್ಮನ್ನು ನೋಡಿಯೋ? ನಮ್ಮ ಮನೆಗಳಲ್ಲಿ ಮಗು ಎಡವಿ ಬಿದ್ದರೆ ನಾವು ನೆಲಕ್ಕೆ ಹೊಡೆಯುತ್ತೇವೆ. ನೆಲ ಏನು ಪಾಪ ಮಾಡಿತ್ತು? ಮಗು ಅತ್ತರೆ ಬಿಸ್ಕತ್ತು, ಮುನಿಸಿಕೊಂಡರೆ ಮೊಬೈಲ್. ಅದು ಮಗುವಿನ ಸಂಕಟಕ್ಕೆ ಮದ್ದಲ್ಲ, ನಮ್ಮ ಸಂಕಟಕ್ಕೆ ಮದ್ದು.

ನಾಳೆ ಮಗು ಅತ್ತಾಗ ಓಡಿ ಬಾಯಿ ಮುಚ್ಚಿಸಬೇಡಿ, ಗದರಿಸಲೂ ಬೇಡಿ. ಪಕ್ಕದಲ್ಲಿ ಕೂತು, ಏನಾಗುತ್ತಿದೆ ಅಂತ ಕೇಳಿ. ಆ ಹತ್ತು ನಿಮಿಷ ತಡೆದುಕೊಳ್ಳುವ ಕೆಲಸ ನಿಮ್ಮದು. ನೀವು ತಡೆದುಕೊಂಡರೆ ಮಗು ಕಲಿಯುತ್ತದೆ.

ನಾಳೆಯವರೆಗೆ ಯಾಕೆ ಕಾಯಬೇಕು? ಈಗ ಈ ಪ್ರವಚನ ಮುಗಿದ ಕೂಡಲೇ ಪ್ರಸಾದದ ಊಟಕ್ಕೆ ಸಾಲು ಹಚ್ಚುತ್ತಾರೆ. ಪ್ರತಿ ಸಲದಂತೆ ಮಗುವನ್ನು ಜನರ ಕಾಲ ಸಂದಿಯಿಂದ ಮುಂದಕ್ಕೆ ತೂರಿಸಬೇಡಿ. ಹಸಿವು ಅಂದೀತು, ಮುಖ ಊದಿಸೀತು, ನೆಲ ಒದ್ದೀತು. ಕೈ ಹಿಡಿದುಕೊಂಡು ಅದರ ಜೊತೆಗೆ ನಿಂತುಕೊಳ್ಳಿ. ಸರದಿ ಬಂದೇ ಬರುತ್ತದೆ.